ಹೊಟ್ಟೆಯಿಲ್ಲದ ವಾದ್ಯ

ಕರೆಂಟಿನ ಗಿಟಾರನ್ನು ಮೊದಲ ಸಲ ಸ್ವಂತ ಕೈಯಿಂದ ಮಾಡಲು ಹೊರಟವರು ನನ್ನನ್ನು ಕೇಳಿದರೆ, ನಾನು ತಂತಿಯ ಮಾತು ಆಮೇಲೆ ಆಡುತ್ತೇನೆ, ಮೊದಲು ಕಟ್ಟಿಗೆಯ ಮಾತು ಆಡುತ್ತೇನೆ. ಹಸಿ ಕಟ್ಟಿಗೆ ಮುಟ್ಟಬೇಡಿ. ನಾನು ಮುಟ್ಟಿದ್ದೆ. ಹಿತ್ತಲಲ್ಲಿ ಕಡಿದು ಎರಡು ತಿಂಗಳೂ ಆಗಿರದ ಬೇವಿನ ಹಲಗೆಯನ್ನು ಹತ್ತರಿ ಹೊಡೆದು, ಬಿರಡೆ ಕೂಡಿಸಿ, ಮೂರು ತಂತಿ ಬಿಗಿದು ಗೋಡೆಗೆ ಆನಿಸಿ ಹೋಗಿದ್ದೆ. ಹದಿನೈದು ದಿನ ಬಿಟ್ಟು ಬಂದು ನೋಡಿದರೆ ಹಲಗೆ ಬಿಲ್ಲಿನಂತೆ ಬಾಗಿತ್ತು. ತಂತಿಗಳು ನಡುವಿನಲ್ಲಿ ಒಂದು ಬೆರಳು ಮೇಲೆದ್ದು ನಿಂತಿದ್ದವು. ಅಪ್ಪ ಅದನ್ನು ಎತ್ತಿ ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿ, "ಹಸಿ ಕಟ್ಟಿಗಿ ಯಾರ ಮಾತೂ ಕೇಳೂದಿಲ್ಲೋ. ಮೊದಲು ಅದು ತನ್ನ ನೀರು ಬಿಡಬೇಕು, ಆಮ್ಯಾಲ ನೀ ಹೇಳಿದ್ದು ಕೇಳತೈತಿ" ಎಂದ.

ಅಪ್ಪ ಬೇವೂರಿನ ಬಡಿಗ. ಬಂಡಿ, ಕುಂಟೆ, ಕೂರಿಗೆ, ಬಾಗಿಲ ಚೌಕಟ್ಟು ಮಾಡುತ್ತಿದ್ದ. ನನಗೆ ಆಗ ಇಪ್ಪತ್ತಾರು ವರ್ಷ. ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಎಣ್ಣೆ ಎಂಜಿನ್ನು ನೋಡಿಕೊಳ್ಳುವ ಮಿಸ್ತ್ರಿಯಾಗಿದ್ದೆ. ಹದಿನೈದು ದಿನಕ್ಕೊಮ್ಮೆ ಕೊಪ್ಪಳದ ಮೇಲೆ ಹಾಯ್ದು ಊರಿಗೆ ಬರುತ್ತಿದ್ದೆ. ದೊಡ್ಡ ಯುದ್ಧ ಮುಗಿದು ಒಂದು ವರ್ಷವಾಗಿತ್ತು. ನಮ್ಮ ಸೀಮೆ ಇನ್ನೂ ನಿಜಾಮರ ರಾಜ್ಯದಲ್ಲೇ ಇತ್ತು.

ಅಪ್ಪನಿಗೆ ಇನ್ನೊಂದು ಹೆಸರು ಊರಲ್ಲಿತ್ತು, ಹಾಡುವ ಬಡಿಗ ಅಂತ. ಶ್ರಾವಣದ ಸೋಮವಾರಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಮಠದ ಕಟ್ಟೆಯ ಮೇಲೆ ಭಜನೆ ಕೂಡುತ್ತಿತ್ತು. ಅಪ್ಪ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದ. ಅವನ ಜೊತೆ ಕಂಬಳಿ ನೇಯುವ ಅವನ ಗೆಳೆಯ ತಾಳ ಹಾಕುತ್ತಿದ್ದ. ಊರ ಸಾಲಿಯ ಮಾಸ್ತರರು ಹಾರ್ಮೋನಿಯಂ ಹಿಡಿಯುತ್ತಿದ್ದರು. ಸುತ್ತಲ ಹಳ್ಳಿಯವರೂ ಕೇಳಲು ಬರುತ್ತಿದ್ದರು.

ಆದರೆ ಅದಕ್ಕೂ ಆರು ವರ್ಷಗಳ ಹಿಂದೆ ಅಪ್ಪನ ಎರಡೂ ಕಿವಿಯಲ್ಲಿ ಕೀವು ಸೋರಲು ಶುರುವಾಗಿ, ಬೇರು, ಎಣ್ಣೆ, ಹರಕೆ ಎಲ್ಲ ಆದ ಮೇಲೆ ಕಿವಿ ಕೇಳುವುದು ನಿಂತಿತು. ಪೂರಾ ಅಲ್ಲ. ಕಿವಿಗೆ ಬಾಯಿ ಹಚ್ಚಿ ಕೂಗಿದರೆ ಕೇಳುತ್ತಿತ್ತು. ನಾನು ಅವನನ್ನು ಗದಗಿಗೆ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರು ಕಬ್ಬಿಣದ ಒಂದು ಕವಲು ಕಡ್ಡಿಯನ್ನು ಮೇಜಿಗೆ ಬಡಿದು ಕಿವಿಯ ಹತ್ತಿರ ಹಿಡಿದರು. ಅಪ್ಪ ತಲೆ ಅಲ್ಲಾಡಿಸಿದ, ಏನೂ ಇಲ್ಲ. ಅದನ್ನೇ ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಅಪ್ಪನ ಹುಬ್ಬು ಮೇಲೇರಿತು. "ಕೇಳತೈತ್ರಿ" ಎಂದ. ಡಾಕ್ಟರು ನನಗೆ, "ಪರದೆ ಹೋಗ್ಯಾವು. ಒಳಗಿನ ನರ ಜೀವಂತ ಅದಾವು. ದೊಡ್ಡ ದನಿ ಹೋದ್ರ ಮುಟ್ಟತೈತಿ. ಔಷಧ ಇಲ್ಲ" ಎಂದರು.

ಕಿವಿ ಹೋದರೂ ಅಪ್ಪ ಹಾಡುವುದು ಬಿಡಲಿಲ್ಲ. ಅವನ ಸ್ವಂತ ದನಿ ಎಲುಬಿನ ಒಳಗಿನಿಂದ ಅವನಿಗೆ ಕೇಳುತ್ತಿತ್ತು. ಕೇಳದಿದ್ದುದು ಏಕತಾರಿ. ಹಾಗಾಗಿ ಮೊದಲ ನುಡಿ ಸರಿಯಾಗಿ ಹೊರಟು, ಎರಡನೆಯದಕ್ಕೆ ದನಿ ಸ್ವಲ್ಪ ಸರಿದು, ಮೂರನೆಯದಕ್ಕೆ ಬರುವ ಹೊತ್ತಿಗೆ ಶ್ರುತಿ ಒಂದು ಊರು, ಹಾಡು ಒಂದು ಊರು ಆಗಿರುತ್ತಿತ್ತು. ಮಾಸ್ತರರು ಮೆಲ್ಲಗೆ ಹಾರ್ಮೋನಿಯಂ ಮೇಲಿಂದ ಕೈ ತೆಗೆದುಬಿಡುತ್ತಿದ್ದರು. ಹಾಡು ಮುಗಿದ ಮೇಲೆ ಎಲ್ಲರೂ ಅಪ್ಪನ ಕಡೆ ಮುಖ ಮಾಡಿ, ಅವನಿಗೆ ತುಟಿ ಕಾಣುವಂತೆ, "ಭಾಳ ಛಲೋ ಆತು" ಎನ್ನುತ್ತಿದ್ದರು. ಅಪ್ಪ ಕೈ ಮುಗಿಯುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಆದರೆ ಬೇರೆ ಹಳ್ಳಿಯವರು ಬರುವುದು ನಿಂತಿತ್ತು. ನಾನೂ ಶ್ರಾವಣದ ಸೋಮವಾರಗಳಲ್ಲಿ ಗಿರಣಿಯಲ್ಲಿ ಕೆಲಸವಿದೆ ಎಂದು ಹೇಳಿ ತಪ್ಪಿಸಿಕೊಳ್ಳತೊಡಗಿದ್ದೆ.

ಆ ವರ್ಷ ಗಿರಣಿಯ ಎಂಜಿನ್ನಿನ ಒಂದು ದಂಡ ಸವೆಯಿತು. ಅದನ್ನು ಸಾಣೆ ಹಿಡಿಸಿ ತರಲು ಮಾಲಕರು ನನ್ನನ್ನು ಗುಂತಕಲ್ಲಿಗೆ ಕಳಿಸಿದರು. ಕೊಪ್ಪಳದಲ್ಲಿ ರೈಲು ಹತ್ತಿ ಹೋದೆ. ಅಲ್ಲಿ ಕೆಲಸ ಮಾಡಿಕೊಟ್ಟವನು ರೈಲು ಕಾರ್ಖಾನೆಯ ಒಬ್ಬ ಆಂಗ್ಲೋ ಇಂಡಿಯನ್ ಫಿಟ್ಟರ್. ನನಗಿಂತ ಹತ್ತು ವರ್ಷ ದೊಡ್ಡವನು, ಹಿಂದೂಸ್ತಾನಿಯಲ್ಲಿ ಮಾತಾಡುತ್ತಿದ್ದ. ಸಾಯಂಕಾಲ ನಾನು ಹೋದಾಗ ತನ್ನ ಮನೆಯ ಪಡಸಾಲೆಯಲ್ಲಿ ಅವನು ತೊಡೆಯ ಮೇಲೆ ಒಂದು ಹಲಗೆ ಇಟ್ಟುಕೊಂಡು ಕುಳಿತಿದ್ದ. ಹಲಗೆಯ ಮೇಲೆ ತಂತಿಗಳು. ಕರೆಂಟಿನ ಗಿಟಾರು ಎಂದ. ಎಡಗೈಯಲ್ಲಿ ಒಂದು ಉಕ್ಕಿನ ಗುಂಡು ಕಡ್ಡಿ. ಅದನ್ನು ತಂತಿಯ ಮೇಲೆ ಜಾರಿಸುತ್ತ ಬಲಗೈಯಿಂದ ಮೀಟುತ್ತಿದ್ದ. ಹಲಗೆ ಬರಿಯ ಹಲಗೆ. ಸೋರೆ ಬುರುಡೆ ಇಲ್ಲ, ಒಳಗೆ ಟೊಳ್ಳಿಲ್ಲ. ಹತ್ತಿರ ಕೂತರೂ ಸೊಳ್ಳೆಯ ದನಿಯಷ್ಟೇ ಬರುತ್ತಿತ್ತು. ಅದರಿಂದ ಒಂದು ವೈರು ಪಕ್ಕದ ಪೆಟ್ಟಿಗೆಗೆ ಹೋಗಿತ್ತು. ಪೆಟ್ಟಿಗೆಯಿಂದ ಬಂದ ಮಿಲಿಟರಿಯ ಹೆಡ್‌ಫೋನನ್ನು ಅವನು ನನ್ನ ತಲೆಗೆ ಸಿಕ್ಕಿಸಿ ಒಂದು ತಂತಿ ಮೀಟಿದ. ಗುಡಿಯ ದೊಡ್ಡ ಗಂಟೆಯೊಳಗೆ ತಲೆ ಇಟ್ಟಂತಾಯಿತು.

ನನಗೆ ಅಪ್ಪನ ಹೊರತು ಬೇರೇನೂ ನೆನಪಾಗಲಿಲ್ಲ. ಎರಡು ದಿನ ಅಲ್ಲೇ ಉಳಿದು ಅವನನ್ನು ಕಾಡಿದೆ. ಅವನು ಬೇಸರಿಸದೆ ಕಾಗದದ ಮೇಲೆ ಚಿತ್ರ ಬರೆದುಕೊಟ್ಟ. ಅವನು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳಬೇಕೆಂದರೆ ಹೀಗೆ: ಕಬ್ಬಿಣದ ತಂತಿ ಅಯಸ್ಕಾಂತದ ಮುಂದೆ ಅದುರಿದರೆ, ಹತ್ತಿರದಲ್ಲೇ ಸುತ್ತಿಟ್ಟ ತಾಮ್ರದ ಸುರುಳಿಯಲ್ಲಿ ಆ ಅದುರು ಕರೆಂಟಾಗಿ ಹುಟ್ಟುತ್ತದೆ. ಪೆಟ್ಟಿಗೆ ಅದನ್ನು ದೊಡ್ಡದು ಮಾಡುತ್ತದೆ. ಹಾಗಾಗಿ ಈ ವಾದ್ಯಕ್ಕೆ ಹೊಟ್ಟೆ ಬೇಡ. ಗಟ್ಟಿ ಮೈ ಇದ್ದರೆ ಸಾಕು. ಮೊದಲ ಸಲ ಮಾಡುವವನು ವೀಣೆಗಿರುವಂಥ ಮೆಟ್ಟಿಲು ಕೂಡಿಸಲು ಹೋಗಬಾರದು, ಒಂದು ಕೂದಲೆಳೆ ತಪ್ಪಿದರೂ ಸ್ವರ ಕೆಡುತ್ತದೆ. ಕಡ್ಡಿ ಜಾರಿಸುವ ಹಲಗೆಯನ್ನೇ ಮಾಡು ಎಂದ. ಅದು ಮೆಟ್ಟಿಲಿಲ್ಲದ ವಾದ್ಯವಾದ್ದರಿಂದ ನಮ್ಮ ಹಾಡಿಗೂ ಹೊಂದುತ್ತದೆ ಎಂದು ನನಗೆ ಅನಿಸಿತು. ಬರುವಾಗ ಬಳ್ಳಾರಿಯಲ್ಲಿ ಇಳಿದು, ಯುದ್ಧ ಮುಗಿದ ಮೇಲೆ ಹಳೆ ಕಬ್ಬಿಣದ ಅಂಗಡಿಗಳಿಗೆ ಬಂದು ಬಿದ್ದಿದ್ದ ಮಿಲಿಟರಿ ಸಾಮಾನಿನಲ್ಲಿ ಬ್ಯಾಟರಿಯಲ್ಲಿ ನಡೆಯುವ, ಎರಡು ಗಾಜಿನ ವಾಲ್ವಿನ ಒಂದು ಪೆಟ್ಟಿಗೆಯನ್ನೂ ಒಂದು ಹೆಡ್‌ಫೋನನ್ನೂ ಹುಡುಕಿ ತಂದೆ.

ಬೇವಿನ ಹಲಗೆ ಬಾಗಿದ್ದು ಇದಾದ ಮೇಲೆ. ಅಲ್ಲಿಯವರೆಗೆ ಅಪ್ಪ ನನ್ನ ಕೆಲಸವನ್ನು ದೂರದಿಂದಲೇ ನೋಡುತ್ತಿದ್ದ. "ಹೊಟ್ಟಿ ಇಲ್ಲದ್ದು ಹೆಂಗ ನುಡೀತೈತಿ? ಹೊಟ್ಟಿ ಇಲ್ಲದ ಮನಶ್ಯಾ ಹಾಡತಾನೇನು?" ಎಂದಿದ್ದ. ಬಾಗಿದ ಹಲಗೆ ನೋಡಿದ ಮೇಲೆ ಮಾತ್ರ ಅವನೊಳಗಿನ ಬಡಿಗನಿಗೆ ತಡೆಯಲಾಗಲಿಲ್ಲ. ಅಟ್ಟದಿಂದ ಹಳೆಯ ಬಾಗಿಲೊಂದರ ಸಾಗವಾನಿ ಚೌಕಟ್ಟನ್ನು ಇಳಿಸಿದ. ಅದನ್ನು ಅವನ ಅಪ್ಪ ಕೆತ್ತಿದ್ದನಂತೆ. ಬೆರಳಿನ ಗೆಣ್ಣಿನಿಂದ ಬಡಿದು, ದನಿ ಕೇಳದ ಕಾರಣ ಇನ್ನೊಂದು ತುದಿಗೆ ಅಂಗೈ ಇಟ್ಟು ನೋಡಿದ. "ಇದು ಬರಲಿ" ಎಂದ. ಎರಡು ದಿನದಲ್ಲಿ ಅದನ್ನು ಕನ್ನಡಿಯಂತೆ ಸಪಾಟು ಮಾಡಿದ. ಬಿರಡೆಯ ತೂತುಗಳನ್ನು ಒಂದು ಕಡೆ ಕಿರಿದು, ಒಂದು ಕಡೆ ಹಿರಿದು ಮಾಡಿ ಕೊರೆದ. ಬಿರಡೆ ಜಾರಬಾರದೆಂದರೆ ತೂತು ಹಾಗೇ ಇರಬೇಕು, ಮತ್ತು ಬಿರಡೆಗೆ ಸೀಮೆಸುಣ್ಣ ತಿಕ್ಕಬೇಕು, ಎಣ್ಣೆ ಎಂದೂ ಹಚ್ಚಬಾರದು. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯನ್ನು ನಾನು ಹಿತ್ತಾಳೆಯಲ್ಲಿ ಮಾಡಿದೆ. ಅದನ್ನು ಅಂಟು ಹಾಕಿ ಕೂಡಿಸಬೇಡ, ತಂತಿಯ ಬಿಗಿತದಿಂದಲೇ ನಿಲ್ಲಲಿ, ಬೇಕಾದಾಗ ಸರಿಸಬಹುದು ಎಂದ ಅಪ್ಪ. ಅದೂ ಸರಿಯಾದ ಮಾತೇ.

ಸುರುಳಿಗೆ ಬೇಕಾದ ತಂತಿ ತಲೆಗೂದಲಿಗಿಂತ ಸಣ್ಣದು. ಎಂಜಿನ್ನಿಗೆ ಕಿಡಿ ಕೊಡುವ, ಸುಟ್ಟುಹೋದ ಒಂದು ಮ್ಯಾಗ್ನೆಟೊ ನನ್ನ ಬಳಿ ಇತ್ತು. ಅದರ ಕುದುರೆ ಲಾಳದಂಥ ಅಯಸ್ಕಾಂತ ನಮಗೆ ಬೇಕಾದದ್ದೇ. ಅದರೊಳಗೆ ಸುತ್ತಿದ್ದ ಸಣ್ಣ ತಂತಿಯೂ ಬೇಕಾದದ್ದೇ. ಆದರೆ ಅದನ್ನು ಬಿಚ್ಚಲು ಕೂತರೆ ಗೇಣಿಗೊಮ್ಮೆ ಹರಿಯುತ್ತಿತ್ತು. ನಾಲ್ಕನೆಯ ಸಲ ಹರಿದಾಗ ನಾನು ಅದನ್ನು ಎಸೆದೆ. ಅವ್ವ ಅದನ್ನು ಹೆಕ್ಕಿಕೊಂಡು ಬಂದಳು.

"ನಿನ್ನ ಕೈ ಎಂಜಿನ್ನಿನ ಕೈ. ಇದು ನೂಲಿನ ಕೆಲಸ" ಎಂದಳು.

ರಾಟಿಯ ಮುಂದೆ ಕೂತು, ನಾನು ಕಟ್ಟಿಗೆಯಲ್ಲಿ ಮಾಡಿಕೊಟ್ಟ ಸಣ್ಣ ಉರುಳೆಯನ್ನು ಕದಿರಿಗೆ ಸಿಕ್ಕಿಸಿದಳು. ಹತ್ತಿ ಎಳೆ ಹಿಡಿಯುವಂತೆಯೇ ಎರಡು ಬೆರಳ ನಡುವೆ ತಂತಿ ಹಿಡಿದು, ಬಿಗಿಯದೆ, ಸಡಿಲೂ ಬಿಡದೆ ಸುತ್ತತೊಡಗಿದಳು. ಹರಿದರೆ ನಾನು ಎರಡೂ ತುದಿಯ ಬಣ್ಣವನ್ನು ಚಾಕುವಿನಿಂದ ಕೆರೆದು, ಹೊಸೆದು, ಬೆಸುಗೆ ಹಾಕಿ, ಮೇಲೆ ರೇಷ್ಮೆ ಎಳೆ ಸುತ್ತಿ ಕೊಡುತ್ತಿದ್ದೆ. ಸಾವಿರಾರು ಸುತ್ತು. ಮೂರು ಸಲ ನಾನು ಊರಿಗೆ ಬಂದು ಹೋಗುವಷ್ಟರಲ್ಲಿ ಮುಗಿಯಿತು. ಮುಗಿದ ಸುರುಳಿಯನ್ನು ಕರಗಿಸಿದ ಜೇನುಮೇಣದಲ್ಲಿ ಅದ್ದಬೇಕು. ಇಲ್ಲದಿದ್ದರೆ ಒಳಗಿನ ಎಳೆಗಳೇ ಅದುರಿ ಪೆಟ್ಟಿಗೆ ಸಿಳ್ಳೆ ಹಾಕುತ್ತದೆ. ಮೇಣ ಕುದಿಯಬಾರದು, ಬೆಚ್ಚಗಿದ್ದರೆ ಸಾಕು. ಇನ್ನೊಂದು ಮಾತು, ಅಯಸ್ಕಾಂತವನ್ನು ತಂತಿಗೆ ತೀರ ಹತ್ತಿರ ಒಯ್ಯಬೇಡಿ. ಅದು ತಂತಿಯನ್ನು ಎಳೆದು ಹಿಡಿದು ಸ್ವರವನ್ನೇ ಕೆಡಿಸುತ್ತದೆ.

ಎಲ್ಲ ಕೂಡಿಸಿ ಮೀಟಿದರೆ ಪೆಟ್ಟಿಗೆಯಿಂದ ಒಂದು ಸದ್ದೂ ಇಲ್ಲ. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಬ್ಯಾಟರಿ ಬದಲಿಸುವಾಗ ದೊಡ್ಡ ಬ್ಯಾಟರಿಯ ಎರಡೂ ತುದಿ ಮುಟ್ಟಿ ಮೊಣಕೈವರೆಗೆ ಹೊಡೆತ ತಿಂದೆ. ವಾಲ್ವಿನ ಪೆಟ್ಟಿಗೆಯೊಳಗೆ ಕೈ ಹಾಕುವಾಗ ಒಂದು ಕೈ ಬೆನ್ನ ಹಿಂದೆ ಇರಲಿ ಎಂದು ಆವತ್ತಿನಿಂದ ಎಲ್ಲರಿಗೂ ಹೇಳುತ್ತೇನೆ. ನಾಲ್ಕು ರವಿವಾರ ಹೀಗೇ ಹೋದವು. ಕಡೆಗೆ ತಿಳಿಯಿತು, ನಾನು ಕಟ್ಟಿದ್ದು ಏಕತಾರಿಯ ಹಿತ್ತಾಳೆ ತಂತಿ. ಹಿತ್ತಾಳೆಯನ್ನು ಅಯಸ್ಕಾಂತ ಮೂಸುವುದಿಲ್ಲ. ಗದಗಿನಿಂದ ಸಿತಾರಿನ ಉಕ್ಕಿನ ತಂತಿ ತರಿಸಿ ಕಟ್ಟಿದೆ. ಹೆಡ್‌ಫೋನು ಮೇಜಿನ ಮೇಲೆ ಬಿದ್ದಿದ್ದರೂ ಅದರ ದನಿ ಮನೆಯೊಳಗೆಲ್ಲ ಕೇಳಿತು.

ಅದು ರವಿವಾರದ ಮಧ್ಯಾಹ್ನ. ಅಪ್ಪ ಕೆಲಸದ ಚಪ್ಪರದಡಿ ಚಾಪೆ ಹಾಸಿಕೊಂಡು ಕೂತ. ರುಮಾಲು ತೆಗೆದು ಪಕ್ಕಕ್ಕಿಟ್ಟ. ನಾನು ಹೆಡ್‌ಫೋನು ಹಾಕಿದೆ. ಅವನ ಕೈಯನ್ನು ಹಿಡಿದು ಷಡ್ಜದ ತಂತಿಯ ಮೇಲೆ ಇಟ್ಟೆ. ಅವನು ಮೀಟಿದ.

ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಕೇಳಲಿಲ್ಲವೇನೋ ಎಂದು ನಾನು ಪೆಟ್ಟಿಗೆಯ ಕಡೆ ಕೈ ಚಾಚಿದೆ. ಆಮೇಲೆ ಅವನು ಬೆರಳೆತ್ತಿ, "ಇನ್ನೂ ಐತಿ" ಎಂದ. ಸ್ವಲ್ಪ ತಡೆದು, "ಇನ್ನೂ ಐತಿ" ಎಂದ. ದನಿ ಪೂರ್ತಿ ಆರುವ ತನಕ ಹಾಗೇ ಬೆರಳೆತ್ತಿ ಕೂತಿದ್ದ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅವನು ಮತ್ತೆ ಮೀಟಿ, ಮೀಟುತ್ತಲೇ ಹಾಡಲು ಶುರುಮಾಡಿದ. ಮೊದಲ ನುಡಿ ಮುಗಿಯಿತು. ಎರಡನೆಯದರ ನಡುವೆ ನಿಲ್ಲಿಸಿದ. "ತಂತಿ ಇಳೀತು ನೋಡು" ಎಂದು ಬಿರಡೆ ಮುಟ್ಟಿದ. ಬಿರಡೆ ಅಲುಗಿರಲಿಲ್ಲ. ಮತ್ತೆ ಮೊದಲಿಂದ ಹಾಡಿದ. ಅದೇ ಜಾಗದಲ್ಲಿ ನಿಂತ. ಈ ಸಲ ಕುದುರೆಯನ್ನು ನೋಡಿದ, ತಂತಿಯ ಉದ್ದವನ್ನು ಕೋಲು ಹಿಡಿದು ಅಳೆದ, ಪೆಟ್ಟಿಗೆಯ ಕಡೆ ಅನುಮಾನದಿಂದ ನೋಡಿದ. ಮೂರನೆಯ ಸಲ ಹಾಡಿ ನಿಲ್ಲಿಸಿದಾಗ ಏನನ್ನೂ ಅಳೆಯಲಿಲ್ಲ. ಅಂಗೈಯನ್ನು ತಂತಿಗಳ ಮೇಲೆ ಒತ್ತಿ ದನಿ ನಿಲ್ಲಿಸಿದ. ಐವತ್ತು ವರ್ಷ ಮೂಲೆಮಟ್ಟ ಹಿಡಿದ ಮನುಷ್ಯ. ಕೋಲು ಸರಿಯಿದ್ದು ಹಲಗೆ ಹೊಂದದಿದ್ದರೆ ತಪ್ಪು ಯಾವುದರದ್ದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೆಡ್‌ಫೋನು ತೆಗೆದು ಅವ್ವನ ಕಡೆ ನೋಡಿದ. "ನಾ ಇಷ್ಟು ವರ್ಷ ಹಿಂಗ ಹಾಡೀನೇನು?"

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಿನಗ ಗೊತ್ತಿತ್ತೇನು?"

ಅವಳು ಹತ್ತಿರ ಬಂದು, ಅವನ ಕಿವಿಗೆ ಬಾಯಿ ಹಚ್ಚಿ, "ಗೊತ್ತಿತ್ತು" ಎಂದು ಕೂಗಿದಳು. ಅಂಥ ಮಾತನ್ನು ಮೆಲ್ಲಗೆ ಹೇಳುವ ದಾರಿ ಅವಳಿಗಿರಲಿಲ್ಲ. ಪಕ್ಕದ ಮನೆಯ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದವರು ತಲೆ ಎತ್ತಿ ನೋಡಿದರು.

"ಮತ್ಯಾಕ ಹೇಳಲಿಲ್ಲ?"

"ನಿಮಗ ಹಾಡೂದೊಂದ ಉಳಿದಿತ್ತು!" ಎಂದು ಮತ್ತೆ ಕೂಗಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅಪ್ಪ ನನ್ನ ಕಡೆ ತಿರುಗಿದ. ಅವನ ನೋಟದಲ್ಲಿ ಸಿಟ್ಟಿರಲಿಲ್ಲ. "ನಿನಗೂ ಗೊತ್ತಿತ್ತು. ಅದಕ್ಕ ಇದನ್ನ ಮಾಡೀದಿ" ಎಂದ.

ಆವತ್ತಿನವರೆಗೆ ನಾನು ನನಗೇ ಹೇಳಿಕೊಂಡದ್ದು ಬೇರೆ. ಅಪ್ಪನಿಗೆ ಸಂತೋಷವಾಗಲಿ ಎಂದು ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅದು ಸುಳ್ಳಲ್ಲ. ಆದರೆ ಅವನು ಹಾಗೆ ಅಂದಾಗ ಒಳಗೆ ನೋಡಿಕೊಂಡರೆ, ನನ್ನ ಬಾಯಿಂದ ಬರದ ಮಾತನ್ನು ಒಂದು ಕಟ್ಟಿಗೆಯ ತುಂಡು ಹೇಳಲಿ ಎಂಬ ಆಸೆಯೂ ಅಲ್ಲಿತ್ತು. ನಾನು ಹೌದು ಎಂದು ತಲೆಯಾಡಿಸಿದೆ. ಅವನು ರುಮಾಲು ಸುತ್ತಿಕೊಂಡು ಹೊಲದ ಕಡೆ ನಡೆದುಬಿಟ್ಟ.

ಮುಂದಿನ ಎರಡು ಸಲ ನಾನು ಊರಿಗೆ ಬಂದಾಗ ಹಲಗೆ ಗೂಟಕ್ಕೆ ತೂಗುಹಾಕಿತ್ತು. ಏಕತಾರಿಯೂ ಅದರ ಪಕ್ಕದಲ್ಲೇ ಇತ್ತು. ಮನೆಯಲ್ಲಿ ಹಾಡಿನ ಸೊಲ್ಲೇ ಇಲ್ಲ. ಅಪ್ಪ ದುಡಿಯುತ್ತಿದ್ದ, ಉಣ್ಣುತ್ತಿದ್ದ, ಅವ್ವನ ಜೊತೆ ಕೈಸನ್ನೆಯಲ್ಲಿ ಮಾತಾಡುತ್ತಿದ್ದ, ಅಷ್ಟೇ. ಕಂಬಳಿ ನೇಯುವ ಗೆಳೆಯ ಎರಡು ಸಲ ಭಜನೆಗೆ ಕರೆಯಲು ಬಂದು ಹಾಗೇ ಎದ್ದುಹೋದನಂತೆ. ನಾನು ಮಾಡಿದ್ದು ಪಾಪವೋ ಪುಣ್ಯವೋ ತಿಳಿಯದೆ ಗಂಗಾವತಿಗೆ ಹೋಗುವ ದಾರಿಯುದ್ದಕ್ಕೂ ಒದ್ದಾಡುತ್ತಿದ್ದೆ.

ಮೂರನೆಯ ಸಲ ಬಂದಾಗ ಊರ ಅಗಸೆ ಬಾಗಿಲ ಹತ್ತಿರವೇ ಅಪ್ಪನ ದನಿ ಕೇಳಿತು. ಬೆಳಗಿನ ಹೊತ್ತು. ಮನೆಗೆ ಬಂದು ನೋಡಿದರೆ ಹಲಗೆ ತೊಡೆಯ ಮೇಲಿತ್ತು, ಹೆಡ್‌ಫೋನು ಕಿವಿಯ ಮೇಲಿತ್ತು. ಒಂದೇ ಸ್ವರ ಹಿಡಿದು, ಉಸಿರು ಮುಗಿಯುವ ತನಕ ನಿಂತು, ಮತ್ತೆ ಅದೇ ಸ್ವರ. ನನ್ನನ್ನು ನೋಡಿ, "ಬ್ಯಾಟರಿ ಸೋತೈತಿ, ಹೊಸಾದು ತಂದೀಯೇನು?" ಎಂದು ಮಾತ್ರ ಕೇಳಿದ. ಎಳೆಯರು ಕಲಿಯುವಂತೆ ಷಡ್ಜದಿಂದ ಶುರುಮಾಡಿದ್ದ. ತಂತಿಯ ಮೇಲೆ ಜಾರಿಸಲು ನಾನು ಕೊಟ್ಟಿದ್ದ ಉಕ್ಕಿನ ಕಡ್ಡಿ ಅವನ ಕೈಗೆ ಭಾರವಾಗಿತ್ತು. ನಾನು ಎಂಜಿನ್ನಿನ ಹಳೆ ವಾಲ್ವಿನ ಕಡ್ಡಿಯನ್ನು ಕತ್ತರಿಸಿ, ಸಾಣೆ ಹಿಡಿದು ಹಗುರದ ಇನ್ನೊಂದು ಮಾಡಿಕೊಟ್ಟೆ. ಆರು ತಿಂಗಳಲ್ಲಿ ಹೆಡ್‌ಫೋನು ಹಾಕಿಕೊಂಡರೆ ನಾಲ್ಕೈದು ನುಡಿ ಸರಿಯಾಗಿ ಹಾಡುವಷ್ಟಾದ. ಅದನ್ನು ತೆಗೆದರೆ ಮೂರನೆಯ ನುಡಿಗೆ ಮತ್ತೆ ಸರಿಯುತ್ತಿದ್ದ. ಅದು ಅವನಿಗೂ ಗೊತ್ತಿತ್ತು.

ಅಷ್ಟರಲ್ಲಿ ಕಾಲ ಕೆಟ್ಟಿತ್ತು. ಸುತ್ತಲಿನ ಸೀಮೆಗೆ ಸ್ವಾತಂತ್ರ್ಯ ಬಂದು ನಮಗೆ ಬಂದಿರಲಿಲ್ಲ. ರಜಾಕಾರರ ಹಾವಳಿಯ ಸುದ್ದಿ ದಿನಾ ಬರುತ್ತಿತ್ತು. ಗಡಿಯಾಚೆಯ ರೇಡಿಯೊ ಕೇಳುವವರ ಮೇಲೂ ಸರಕಾರಕ್ಕೆ ಕಣ್ಣಿತ್ತು. ಬಡಿಗನ ಮನೆಯಲ್ಲಿ ವೈರಿನ ಪೆಟ್ಟಿಗೆ ಇದೆ, ಕಿವಿಗೆ ಹಾಕಿಕೊಂಡು ಏನೋ ಕೇಳುತ್ತಾನೆ ಎಂದು ಯಾರೋ ಹೇಳಿದ್ದರು. ಯಾರೆಂದು ನಾವು ಕೇಳಲಿಲ್ಲ. ನಾನು ಊರಲ್ಲಿದ್ದ ಒಂದು ದಿನ ಇಬ್ಬರು ಪೊಲೀಸರು ಬಂದು ಪೆಟ್ಟಿಗೆ, ಬ್ಯಾಟರಿ, ಹೆಡ್‌ಫೋನು ಎತ್ತಿ ನನ್ನ ತಲೆಯ ಮೇಲೆ ಹೊರಿಸಿ ಠಾಣೆಗೆ ನಡೆಸಿದರು. ಅಪ್ಪ ಹಲಗೆಯನ್ನು ಹೆಗಲ ಮೇಲೆ ಇಟ್ಟುಕೊಂಡು, ಯಾರೂ ಕರೆಯದಿದ್ದರೂ ಹಿಂದೆಯೇ ನಡೆದು ಬಂದ.

ಠಾಣೆಯ ಮುಖ್ಯಸ್ಥರಾದ ಅಮೀನರು ವಯಸ್ಸಾದವರು, ಗಡ್ಡ ಬೆಳ್ಳಗಾಗಿತ್ತು. "ಇದು ವಾಯರ್‌ಲೆಸ್ ಐತೇನು? ಖರೇ ಹೇಳು. ಯಾರಿಗೆ ಖಬರು ಕಳಿಸ್ತಿ?" ಎಂದರು.

"ಸಾಹೇಬರ, ಇದು ಹಾಡಿನ ಸಾಮಾನು. ನಮ್ಮಪ್ಪಗ ಕಿವಿ ಕೇಳೂದಿಲ್ರಿ" ಎಂದೆ.

"ಕಿವಿ ಕೇಳದವನಿಗೆ ಹಾಡು ಯಾಕೋ?" ಎಂದು ಪಕ್ಕದ ಜವಾನ ನಕ್ಕ. ಅಮೀನರು ನಗಲಿಲ್ಲ. ಜೋಡಿಸಿ ತೋರಿಸು ಎಂದರು. ಜೋಡಿಸಿದೆ. ಅಮೀನರು ಟೋಪಿ ತೆಗೆದು ಹೆಡ್‌ಫೋನನ್ನು ತಾವೇ ಹಾಕಿಕೊಂಡರು. ಅಪ್ಪ ನೆಲದ ಮೇಲೆ ಕೂತು ಮೀಟಿದ, ಮತ್ತು ಹಾಡಿದ. ತಂತಿಯ ದನಿ ಈಗ ಅಮೀನರ ಕಿವಿಯಲ್ಲಿತ್ತು, ಅಪ್ಪನ ಕಿವಿಯಲ್ಲಿರಲಿಲ್ಲ. ಮೊದಲ ನುಡಿ, ಎರಡನೆಯ ನುಡಿ. ಮೂರನೆಯದಕ್ಕೆ ದನಿ ಸರಿಯಿತು. ಅಮೀನರ ಹುಬ್ಬು ಸ್ವಲ್ಪ ಗಂಟಾದದ್ದನ್ನು ನೋಡಿದೆ. ಅಪ್ಪನೂ ನೋಡಿದ. ಅಲ್ಲೇ ನಿಲ್ಲಿಸಿ, "ತಪ್ಪಿತಲ್ರಿ, ಸಾಹೇಬರ?" ಎಂದು ಕೇಳಿದ.

ಅಮೀನರು ಅವನನ್ನೇ ನೋಡುತ್ತ ನಿಧಾನವಾಗಿ ಹೌದೆಂದು ತಲೆ ಆಡಿಸಿದರು.

ಏಳೆಂಟು ವರ್ಷಗಳಲ್ಲಿ ಅಪ್ಪ ಕೇಳದೆಯೇ ಸಿಕ್ಕ ಹೊಗಳಿಕೆಗಳು ಎಷ್ಟೋ ಇದ್ದವು. ಮನೆಯ ಹೊರಗಿನವರಿಂದ ಕೇಳಿ ಪಡೆದ ಮೊದಲ ಸರಿಯಾದ ಉತ್ತರ ಅದು. ಅಪ್ಪ ಅವರಿಗೆ ಕೈ ಮುಗಿದ. ಅಮೀನರು ಹೆಡ್‌ಫೋನು ತೆಗೆದಿಟ್ಟು, ನನಗೆ, "ಹಾಡು ಸುಳ್ಳಲ್ಲ. ಆದರ ಡಬ್ಬಿಗೆ ಪರವಾನಿಗಿ ಇಲ್ಲ, ಮ್ಯಾಲಿನ ಹುಕುಂ ಐತಿ. ಡಬ್ಬಿ ಇಲ್ಲೇ ಇರಲಿ. ಕಟ್ಟಿಗಿ ತಗೊಂಡು ಅಪ್ಪನ್ನ ಕರಕೊಂಡು ಹೋಗು" ಎಂದರು. ನನ್ನನ್ನು ಬಿಟ್ಟುಕಳಿಸಿದ್ದೇ ಆಗಿನ ದಿನಗಳಲ್ಲಿ ದೊಡ್ಡ ಮಾತು. ಆ ಪೆಟ್ಟಿಗೆ ಮತ್ತೆ ಸಿಗಲಿಲ್ಲ. ರಾಜ್ಯ ಬದಲಾದ ಮೇಲೆ ಹೋಗಿ ವಿಚಾರಿಸಿದೆ. ಆ ಅಮೀನರೂ ಇರಲಿಲ್ಲ, ಪೆಟ್ಟಿಗೆಯ ಸುದ್ದಿ ಬಲ್ಲವರೂ ಇರಲಿಲ್ಲ.

ಠಾಣೆಯಿಂದ ಮರಳಿದ ಮೇಲೆ ಅಪ್ಪ ಹಲಗೆಯನ್ನು ಮತ್ತೆ ಗೂಟಕ್ಕೆ ತೂಗುಹಾಕಿದ. ಇನ್ನು ಹಾಡು ಮುಗಿಯಿತೆಂದೇ ನಾನು ತಿಳಿದೆ. ಆದರೆ ಶ್ರಾವಣದ ಮೊದಲ ಸೋಮವಾರ ಅವನು ಮಿಂದು, ಏಕತಾರಿ ಹಿಡಿದು ಮಠಕ್ಕೆ ಹೊರಟ. ಆ ಸಲ ನಾನು ತಪ್ಪಿಸಿಕೊಳ್ಳಲಿಲ್ಲ. ಕಟ್ಟೆಯ ಮೇಲೆ ಕೂತವರು ಅವನಿಗೆ ಜಾಗ ಬಿಟ್ಟರು. ಅಪ್ಪ ಕೂಡಲಿಲ್ಲ, ನಿಂತೇ ಮಾತಾಡಿದ. ಕಿವಿ ಕೇಳದವರ ಮಾತು ಹೇಗಿರುತ್ತದೋ ಹಾಗೆ, ಬೇಕಾದದ್ದಕ್ಕಿಂತ ಗಟ್ಟಿಯಾಗಿ.

"ನಾ ಶ್ರುತಿ ಬಿಟ್ಟು ಹಾಡತೀನಿ. ಈಗ ನನಗ ಗೊತ್ತಾಗೈತಿ, ನಿಮಗ ಮೊದಲಿಂದ ಗೊತ್ತೈತಿ. ಇಷ್ಟು ವರ್ಷ ನೀವು ನನ್ನ ಮರ್ಯಾದಿ ಕಾಯ್ದ್ರಿ. ಇನ್ನ ಶ್ರುತಿ ಕಾಯ್ರಿ."

ಅಪ್ಪ ಹೋಗಿ ಕಂಬಳಿ ನೇಯುವ ಗೆಳೆಯನ ಪಕ್ಕ ಕೂತು, ಅವನ ಕೈಯನ್ನು ಎಳೆದು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡ. "ದನಿ ಏರಿದ್ರ ಒತ್ತು. ಇಳಿದ್ರ ಚಿವುಟು."

ಗೆಳೆಯ ಕೈ ಹಿಂದಕ್ಕೆಳೆದುಕೊಂಡ. "ನಾ ನಿನ್ನ ತಪ್ಪು ಹಿಡಿಯಾಂವ ಅಲ್ಲೋ" ಎಂದ. ಅಪ್ಪನಿಗೆ ಅದು ಕೇಳಲಿಲ್ಲ, ತುಟಿ ನೋಡಿ ತಿಳಿದಿರಬೇಕು. "ಮತ್ತ ಯಾರ ಕೈ ಹಿಡೀಲಿ, ನೀನ ಹೇಳು" ಎಂದ. ಗೆಳೆಯ ಮಾಸ್ತರರ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ತಾಳವನ್ನು ಪಕ್ಕದವನಿಗೆ ಕೊಟ್ಟು, ಕೈಯನ್ನು ತಾನೇ ತಂದು ಅಪ್ಪನ ಮೊಣಕಾಲ ಮೇಲೆ ಇಟ್ಟ.

ಮೊದಲ ಹಾಡು ಮೂರು ಸಲ ಎಡವಿತು. ಗೆಳೆಯ ಅಂಜುತ್ತ ಒತ್ತಿದ್ದು ಅಪ್ಪನಿಗೆ ತಿಳಿಯಲಿಲ್ಲ. "ಗಟ್ಟ್ಯಾಗಿ ಒತ್ತೋ, ಇದೇನು ಹೂವಿನ ಗಿಡ ಅಲ್ಲ" ಎಂದು ಹಾಡಿನ ನಡುವೆಯೇ ಗದರಿದ. ಜನ ನಕ್ಕರು, ಅಪ್ಪನೂ ನಕ್ಕ. ಎರಡನೆಯ ಹಾಡಿಗೆ ಒತ್ತಿದ ಕೂಡಲೇ ದನಿ ತಿರುಗಿ ದಾರಿಗೆ ಬರತೊಡಗಿತು. ಅದು ಅವನ ಹಳೆಯ ಹಾಡಲ್ಲ. ಅಂಥ ಸರಾಗ ಮತ್ತೆ ಬರಲಿಲ್ಲ. ನಡೆಯುವಾಗ ಕೋಲು ಊರಿದಂತೆ ಪ್ರತಿ ನುಡಿಯಲ್ಲೂ ಒಂದು ತಡೆ ಇರುತ್ತಿತ್ತು. ಆದರೂ ಕಡೆಯವರೆಗೆ ಶ್ರುತಿಯ ಜೊತೆಗಿತ್ತು. ಮುಗಿದಾಗ ಅಪ್ಪ ಎಲ್ಲರ ಮುಖ ನೋಡಿದ. ಯಾರೂ ಛಲೋ ಆತು ಎನ್ನಲಿಲ್ಲ. ಮಾಸ್ತರರು ಮಾತ್ರ, ಅವನಿಗೆ ಕಾಣುವಂತೆ, "ಎರಡು ಕಡೆ ತಪ್ಪಿತು" ಎಂದು ಎರಡು ಬೆರಳು ತೋರಿಸಿದರು. ಅಪ್ಪ, "ಎಲ್ಲೆಲ್ಲಿ?" ಎಂದು ಅವರ ಹತ್ತಿರ ಸರಿದು ಕೂತ.

ಆಮೇಲೆ ಎರಡು ಶ್ರಾವಣ ಹಾಡಿ, ಮೂರನೆಯದು ಬರುವ ಮೊದಲು ಅಪ್ಪ ಜ್ವರ ಬಂದು ತೀರಿಕೊಂಡ. ಹಲಗೆಗೆ ಬೇರೆ ಪೆಟ್ಟಿಗೆ ಮಾಡಿಕೊಡುತ್ತೇನೆ ಎಂದು ನಾನು ಕೊನೆಯವರೆಗೂ ಹೇಳುತ್ತಲೇ ಇದ್ದೆ. ಅವನು ಬೇಡವೆಂದೂ ಅನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ.

ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ, ಅವ್ವ ಜೋಳ ಬೀಸುತ್ತಿದ್ದಾಗ ನಾನು ಕೇಳಿದೆ, "ನಾ ಅದನ್ನ ಮಾಡಿದ್ದು ತಪ್ಪಾತೇನಬೇ?"

ಅವಳು ಬೀಸುವುದನ್ನು ನಿಲ್ಲಿಸಲಿಲ್ಲ. "ಆ ಮಾತು ಅವರಿಂದ ಮುಚ್ಚಿಡೂದು ನನಗ ಹಗುರಿತ್ತು ಅಂತ ತಿಳಿದೀಯೇನು?" ಎಂದಳು. ಕಲ್ಲು ತಿರುಗಿಸುತ್ತಲೇ, "ಮಂದಿ ಎಲ್ಲಾ ಛಲೋ ಆತು ಅಂದು ಎದ್ದು ಹೋಗತಿದ್ರು. ನಾ ನಿಮ್ಮಪ್ಪನ ಜೋಡಿ ಬಾಯಿ ಮುಚ್ಚಿಕೊಂಡು ಮನೀಗೆ ಬರಬೇಕಾಗಿತ್ತು" ಎಂದಳು. ಮತ್ತೊಂದು ಹಿಡಿ ಕಾಳು ಬೀಸುಕಲ್ಲಿಗೆ ಸುರಿದು, ಎದುರಿಗೆ ಕೂತು ಗೂಟ ಹಿಡಿಯೆಂದು ನನಗೆ ಕೈಸನ್ನೆ ಮಾಡಿದಳು.